ಏಳನೆಯ ಪುಟದ ದೋಣಿ

ಪೊಯ್ಯೆಕಡವು, ಬಂಟ್ವಾಳ ತಾಲೂಕು
೧೨ ಜೂನ್ ೨೦೨೩

ಪ್ರೀತಿಯ ಆಫ್ರಾ,

ಈ ಅಕ್ಷರ ನೋಡಿದ ಕೂಡಲೇ ನಿನ್ನ ಬೆನ್ನು ನೆಟ್ಟಗಾಗಿರಬೇಕು. ಹೌದು, ನಾನೇ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ನಿನಗೆ ಸಮಾಜ ಪಾಠ ಮಾಡಿದ ನೀಲಾವತಿ ಟೀಚರ್. ಇತಿಹಾಸದ ನೋಟ್ಸಿನ ಅಂಚಿನಲ್ಲಿ ನೀನು ನನ್ನ ಮೂಗಿನ ಚಿತ್ರ ಬಿಡಿಸಿದ್ದು ಮರೆತಿಲ್ಲ. ಆ ಮೂಗು ಈಗಲೂ ಹಾಗೆಯೇ ಉಂಟು, ಕನ್ನಡಕದ ಭಾರ ಮಾತ್ರ ಹೆಚ್ಚಾಗಿದೆ.

ಐದು ವರ್ಷದ ಹಿಂದೆ ನನಗೆ ಹುಟ್ಟೂರಿಗೇ ವರ್ಗವಾಯಿತು. ನೇತ್ರಾವತಿಯ ದಡದ ಸಣ್ಣ ಊರು. ನಿವೃತ್ತಿಗೆ ಇನ್ನು ಎರಡು ವರ್ಷ. ಹೋಗುವ ಮೊದಲು ಒಂದು ಕೆಲಸ ಮಾಡಿ ಹೋಗುವ ಎಂದು ಹೊರಟಿದ್ದೇನೆ. ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ ಇತಿಹಾಸ ಎಂದರೆ ಇಸವಿ, ಇಸವಿ ಎಂದರೆ ಆಕಳಿಕೆ. ಆದರೆ ಕಾಮಿಕ್ ಪುಸ್ತಕ ಕೊಟ್ಟರೆ ಊಟದ ಬೆಲ್ಲು ಸಹ ಕೇಳಿಸುವುದಿಲ್ಲ. ಹಾಗಾಗಿ ಈ ವರ್ಷ ನಾವೇ ಒಂದು ಚಿತ್ರಕಾದಂಬರಿ ಮಾಡುತ್ತೇವೆ. ವಿಷಯ ಎಪ್ಪತ್ತನಾಲ್ಕರ ನೆರೆ. ಬರುವ ವರ್ಷದ ಜುಲೈಗೆ ಐವತ್ತು ವರ್ಷ.

ಆ ನೆರೆಯಲ್ಲಿ ನಮ್ಮ ಊರಿನ ಅಕ್ಕಿ ಮಿಲ್ಲು ಕುಸಿಯಿತು. ಮಿಲ್ಲಿನ ಆಳು ಸಂಕಪ್ಪ, ಅವನ ಹೆಂಡತಿ ಬಾಗಿ, ಏಳು ವರ್ಷದ ಮಗಳು ಕುಸುಮ, ಮೂವರೂ ಹೋದರು. ಅದು ಹೇಗಾಯಿತು ಎಂದು ಊರಿನಲ್ಲಿ ಮೂರು ಜನರನ್ನು ಕೇಳಿದರೆ ನಾಲ್ಕು ಕಥೆ. ನನ್ನ ಕ್ರಮ ಇದು: ಮಕ್ಕಳು ಹಿರಿಯರ ಹತ್ತಿರ ಹೋಗಿ ಕೇಳಿ ಬರಬೇಕು, ಯಾರು ಸರಿ ಎಂದು ನಾವು ತೀರ್ಪು ಕೊಡುವುದಿಲ್ಲ. ಪ್ರತಿ ಪುಟದ ಕೊನೆಗೆ ಒಂದು ಖಾಲಿ ಚೌಕ ಇರುತ್ತದೆ. ಓದಿದವರು ತಮಗೆ ಸರಿ ಕಂಡದ್ದನ್ನು ಪೆನ್ಸಿಲಿನಲ್ಲಿ ಅಲ್ಲಿ ಬಿಡಿಸಬೇಕು.

ಚಿತ್ರ ನಿನ್ನದು. ಇಲ್ಲ ಎನ್ನಬೇಡ. ಹದಿನಾರು ಪುಟದ ಮಾತು ಇದರ ಜೊತೆ ಉಂಟು. ಏಳನೆಯ ಪುಟ ಮುಖ್ಯ: ಮಿಲ್ಲಿನ ಯಜಮಾನ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ದೋಣಿ ಹತ್ತುತ್ತಾರೆ, ಸಂಕಪ್ಪನ ಮನೆಯವರು ಉಳಿಯುತ್ತಾರೆ. ಕೆಳಗೆ ಒಂದೇ ಸಾಲು, ದೋಣಿ ಕಡವಿನಲ್ಲಿ ಅವರ ನೆನಪಿಗೆ ನೆಟ್ಟ ಕಲ್ಲಿನಲ್ಲಿ ಕೆತ್ತಿದ ಸಾಲೇ: 'ದೋಣಿಯಲ್ಲಿ ಜಾಗ ಇರಲಿಲ್ಲ.'

ವಾಟ್ಸಾಪಿನಲ್ಲಿ ನನಗೆ ಏನೂ ಕಳುಹಿಸಬೇಡ. ಅಲ್ಲಿ ಬರುವುದೆಲ್ಲ ಹೂವಿನ ಚಿತ್ರ ಮತ್ತು ಶುಭೋದಯ. ಬಿ.ಸಿ. ರೋಡಿನ ರಿಝ್ವಾನ್ ಶಾರ್ಜಾಕ್ಕೆ ಹೋಗಿ ಬಂದು ಮಾಡುತ್ತಾನಲ್ಲ, ಅವನ ಕೈಯಲ್ಲಿ ಕಾಗದ ಹೋಗಲಿ, ಬರಲಿ. ನಿಧಾನವಾದರೆ ಆಗಲಿ.

ನಿನ್ನ
ನೀಲಾವತಿ ಟೀಚರ್


ಶಾರ್ಜಾ
೯ ಜುಲೈ ೨೦೨೩

ಟೀಚರ್,

ಸಲಾಂ, ನಮಸ್ಕಾರ, ಎರಡೂ. ರಿಝ್ವಾನ್ ನಿಮ್ಮ ಲಕೋಟೆಯನ್ನು ಹಪ್ಪಳದ ಕಟ್ಟಿನ ನಡುವೆ ಇಟ್ಟು ತಂದ ಕಾರಣ ಮೂರನೆಯ ಪುಟಕ್ಕೆ ಸ್ವಲ್ಪ ಎಣ್ಣೆ ತಾಗಿದೆ. ಪರವಾಗಿಲ್ಲ, ಊರಿನ ಪರಿಮಳ ಬಂತು. ನನ್ನ ಗಂಡ ಶಾಫಿ, 'ನಿನಗೆ ಈಗಲೂ ಹೋಂವರ್ಕ್ ಉಂಟಾ' ಎಂದು ನಗುತ್ತಿದ್ದಾರೆ.

ನಾನು ಇಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಮಾಡುತ್ತೇನೆ. ಹೆಚ್ಚಿನದು ಒಂಟೆ ಮತ್ತು ಮೊಲ. ನನ್ನ ಊರಿನ ನೀರನ್ನು ಬಿಡಿಸಲಿಕ್ಕೆ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಆರು ಪುಟದ ಕರಡು ಆಗಿದೆ. ಏಳರಲ್ಲಿ ನಿಂತಿದ್ದೇನೆ.

ನೀವು 'ಜಾಗ ಇರಲಿಲ್ಲ' ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಮುಗಿಯುವುದಿಲ್ಲ. ಮಾತಿನಲ್ಲಿ 'ಇಲ್ಲ' ಎನ್ನಬಹುದು ಟೀಚರ್, ಚಿತ್ರದಲ್ಲಿ 'ಇಲ್ಲ' ಬಿಡಿಸಲು ಬರುವುದಿಲ್ಲ. ಜಾಗ ಇರಲಿಲ್ಲ ಎಂದರೆ ಆ ಜಾಗದಲ್ಲಿ ಏನೋ ಇತ್ತು ಎಂದಾಯಿತು. ಏನಿತ್ತು? ಬೇರೆ ಮನೆಯವರೂ ಇದ್ದರಾ? ಎಷ್ಟು ಜನ? ಯಾರು ಎಲ್ಲಿ ಕೂತರು? ದೋಣಿಗಾರ ಎಲ್ಲಿ ನಿಂತಿದ್ದ?

ದೋಣಿಯ ಬಗ್ಗೆ ನನ್ನ ಅಜ್ಜನನ್ನು ಕೇಳಿದೆ. ನಿಮಗೆ ಗೊತ್ತುಂಟೋ ಇಲ್ಲವೋ, ಅಬ್ದುಲ್ ಹಕೀಂ ಎಂದು ಹೆಸರು, ಹಳೆಯ ಕಾಲದಲ್ಲಿ ದೋಣಿ ನಡೆಸುತ್ತಿದ್ದರಂತೆ. ನಾನು ಹುಟ್ಟುವಾಗಲೇ ಮೂಡುಬಿದಿರೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು. ಫೋನಿನಲ್ಲಿ ದೋಣಿ ಎಂದದ್ದೇ ತಡ, ಎಂಬತ್ತು ವರ್ಷದ ಮನುಷ್ಯ ಹುಡುಗನಾದರು. ನಾಲ್ಕು ಮಾರು ಉದ್ದ, ಹದಿನಾಲ್ಕು ಆಳು ಹಿಡಿಯುತ್ತದೆ, ಸೆಳೆತ ಜೋರಾದರೆ ಹೀಗೆ ಕೋಲು ಊರಬೇಕು ಎಂದೆಲ್ಲ ಹೇಳಿದರು. ಒಂದು ಮಾತನ್ನು ಬರೆದಿಟ್ಟುಕೊಂಡೆ: 'ದಡದಲ್ಲಿ ಯಾರು ಬೇಕಾದ್ರೂ ಯಜಮಾನ ಆಗ್ಲಿ ಮಗಾ, ನೀರಿನ ಮೇಲೆ ದೋಣಿಗಾರನೇ ಯಜಮಾನ. ಏನು ಹತ್ತಬೇಕು, ಏನು ಹತ್ತಬಾರ್ದು, ಅವ್ನೇ ಹೇಳ್ಬೇಕು.'

ಆಮೇಲೆ ಯಾವ ಕಡವಿನ ಚಿತ್ರ ಎಂದು ಕೇಳಿದರು. ಪೊಯ್ಯೆಕಡವು ಎಂದೆ. ಉಮ್ಮ ಫೋನ್ ತೆಗೆದುಕೊಂಡು, 'ಏನು ಹೇಳಿದೆ ನೀನು? ಅನ್ನ ಬಿಟ್ಟು ಎದ್ದು ಹೋದ್ರಲ್ಲಾ' ಎಂದರು. ಪ್ರಾಯ ಆಯಿತು, ಹೀಗೆ ಒಮ್ಮೊಮ್ಮೆ.

ಏಳನೆಯ ಪುಟಕ್ಕೆ ಉತ್ತರ ಬೇಗ ಕಳುಹಿಸಿ.

ನಿಮ್ಮ ವಿದ್ಯಾರ್ಥಿನಿ
ಆಫ್ರಾ


ಪೊಯ್ಯೆಕಡವು
೨೦ ಆಗಸ್ಟ್ ೨೦೨೩

ಆಫ್ರಾ,

ಆರು ಪುಟಗಳನ್ನೂ ಹಲಗೆಗೆ ಅಂಟಿಸಿದೆ. ಮಕ್ಕಳು ಮುಗಿಬಿದ್ದರು. ನೀರು ಮೆಟ್ಟಿಲು ಹತ್ತಿ ಬರುವ ಚೌಕ ಇದೆಯಲ್ಲ, ಅದನ್ನು ನೋಡಿ ನಮ್ಮ ಗುಮಾಸ್ತರು, 'ಕಾಲು ಒದ್ದೆ ಆದ ಹಾಗೆ ಆಯ್ತು ಟೀಚರ್' ಎಂದರು.

ಏಳನೆಯ ಪುಟಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡ. ನೆರೆಯ ಹೊತ್ತಿನಲ್ಲಿ ಯಾರು ತಲೆ ಎಣಿಸುತ್ತಾರೆ ಮಾರಾಯ್ತಿ? ಎಂಟು ಹತ್ತು ತಲೆ ಹಾಕು, ಮಳೆಗೆ ಹೊದೆಯುವ ನಾಲ್ಕು ಓಲೆ ಗೊರಬೆ ಹಾಕು, ಒಂದೆರಡು ಗಂಟು. ತುಂಬಿದ ದೋಣಿ ಎಂದು ಕಂಡರೆ ಸಾಕು. ಸಾಲು ಕೆಳಗೆ ಇದ್ದೇ ಇರುತ್ತದಲ್ಲ.

ಮಕ್ಕಳು ತಂದ ಕಥೆಗಳು ಒಂದಕ್ಕೊಂದು ಕೂಡುವುದಿಲ್ಲ. ನನ್ನ ತರಗತಿಯ ಶೋಧನ್ ಸಂಕಪ್ಪನ ಮರಿಮಗ. ಅವನ ಅಜ್ಜ ಆ ದಿನ ವಿಟ್ಲದಲ್ಲಿ ನೆಂಟರ ಮನೆಯಲ್ಲಿದ್ದ ಕಾರಣ ಉಳಿದವರು, ಈಗ ಮಡಂತ್ಯಾರಿನಲ್ಲಿದ್ದಾರೆ. ಅವರು ಹೇಳುವುದು ಒಂದೇ: 'ಬ್ಯಾರಿ ದೋಣಿ ತಿರುಗಿಸ್ಲಿಲ್ಲ. ತಿರುಗಿಸಿದ್ರೆ ನನ್ನ ತಂಗಿ ಇರ್ತಿದ್ಲು.' ಶೋಧನ್ ಅದನ್ನು ಹಾಗೆಯೇ ಓದಿದ. ಓದಿದ ಮೇಲೆ ಹಿಂದಿನ ಬೆಂಚಿನಿಂದ ಯಾರೋ ಬಾಸಿತ್‌ನ ಕಡೆ ತಿರುಗಿ, 'ನಿಮ್ಮವರೇ' ಎಂದರು. ಶೋಧನ್ ಮತ್ತು ಬಾಸಿತ್ ಒಂದನೆಯ ತರಗತಿಯಿಂದ ಒಂದೇ ಬೆಂಚು. ಮರುದಿನ ಬಾಸಿತ್ ಬೇರೆ ಬೆಂಚಿನಲ್ಲಿ ಕೂತ. ನಾನು ಹಾಜರಿ ಕರೆದೆ, ಪಾಠ ಮಾಡಿದೆ.

ನಾಲ್ಕು ಕಥೆಗಳಲ್ಲಿ ಅದೂ ಒಂದು, ಅಷ್ಟೆ. ನಮ್ಮ ಕ್ರಮದ ಪ್ರಕಾರ ಯಾವುದಕ್ಕೂ ನಾವು ತೀರ್ಪು ಕೊಡುವ ಹಾಗಿಲ್ಲ.

ನಿನ್ನ ಅಜ್ಜನನ್ನು ಈ ವಿಷಯದಲ್ಲಿ ಇನ್ನು ಕೇಳಬೇಡ. ಪ್ರಾಯದವರಿಗೆ ಯಾಕೆ ತೊಂದರೆ.

ನೀಲಾವತಿ ಟೀಚರ್


ಶಾರ್ಜಾ
೩ ಡಿಸೆಂಬರ್ ೨೦೨೩

ಟೀಚರ್,

ತಡವಾಯಿತು. ರಿಝ್ವಾನ್ ಎರಡು ಸಲ ಹೋಗಿ ಬಂದ, ಎರಡು ಸಲವೂ ನಾನು ಬರೆಯಲಿಲ್ಲ.

ನೀವು ಕೇಳಬೇಡ ಎಂದಿರಿ. ಅಜ್ಜನನ್ನು ಕೇಳಲಿಲ್ಲ. ಉಮ್ಮನನ್ನು ಕೇಳಿದೆ. ಅವರು ಮೊದಲು ಗದರಿದರು, ಆಮೇಲೆ ಅತ್ತರು, ಆಮೇಲೆ ಹೇಳಿದರು. ಅದು ಅಜ್ಜನದೇ ದೋಣಿ. ಅವರು ಮೂವರನ್ನು ಬಿಟ್ಟು ಬಂದರು ಎಂದು ಊರಿಡೀ ಮಾತಾಯಿತಂತೆ. ಕಡವಿನಲ್ಲಿ ಯಾರೂ ಅವರ ದೋಣಿಗೆ ಹತ್ತಲಿಲ್ಲವಂತೆ. ಹಾಗೆ ಮೂಡುಬಿದಿರೆಗೆ ಬಂದದ್ದು. ಐವತ್ತು ವರ್ಷದಲ್ಲಿ ಅವರು ಒಮ್ಮೆಯೂ 'ಅದು ಸುಳ್ಳು' ಎಂದು ಹೇಳಿಲ್ಲವಂತೆ.

ನಾನು ಕೂತು ಎಣಿಸಿದೆ. ನಿಮ್ಮ ಬರಹದಲ್ಲಿ ಯಜಮಾನರ ಮನೆಯವರು ನಾಲ್ಕು ಮಂದಿ, ದೋಣಿಗಾರ ಐದನೆಯವನು. ಅಜ್ಜನ ಬಾಯಿಯಿಂದಲೇ ಕೇಳಿದ್ದೇನೆ, ಹದಿನಾಲ್ಕು ಆಳು ಹಿಡಿಯುವ ದೋಣಿ. ಜಾಗ ಇತ್ತು ಟೀಚರ್. ಮತ್ತು ನೀರಿನ ಮೇಲೆ ಯಜಮಾನ ಯಾರು ಎಂದೂ ಅವರೇ ಹೇಳಿದ್ದಾರೆ.

ಈಗ ನನಗೆ ನಿಮ್ಮ ಕಾಗದ ಅರ್ಥವಾಯಿತು. 'ಎಂಟು ಹತ್ತು ತಲೆ ಹಾಕು' ಎಂದು ನೀವು ಯಾಕೆ ಹೇಳಿದಿರಿ ಎಂದೂ ಅರ್ಥವಾಯಿತು. ನಿಮಗೆ ಎಲ್ಲ ಗೊತ್ತಿತ್ತು. ಹಕೀಂ ಬ್ಯಾರಿಯ ಮೊಮ್ಮಗಳು ಎಂದು ಗೊತ್ತಿದ್ದೇ ನನ್ನನ್ನು ನೋಯಿಸಬಾರದು ಎಂದು ಮುಚ್ಚಿದಿರಿ. ನನಗೆ ಆ ದಯೆ ಬೇಡ. ಎಂಟನೆಯ ತರಗತಿಯಲ್ಲಿ ನೀವೇ ಹೇಳಿಕೊಟ್ಟದ್ದು, ನಮ್ಮವರು ಮಾಡಿದ ತಪ್ಪನ್ನು ನಾವು ಬರೆಯದಿದ್ದರೆ ಬೇರೆಯವರದ್ದನ್ನು ಬರೆಯುವ ಹಕ್ಕು ನಮಗಿಲ್ಲ ಎಂದು.

ಏಳನೆಯ ಪುಟ ಕಳುಹಿಸುತ್ತಿದ್ದೇನೆ. ಅರ್ಧ ಖಾಲಿ ದೋಣಿ. ದೋಣಿಗಾರ ದಡಕ್ಕೆ ಬೆನ್ನು ಹಾಕಿ ಕೋಲು ಊರುತ್ತಿದ್ದಾನೆ. ಮುಖ ಅಜ್ಜನದೇ, ಉಮ್ಮನ ಹತ್ತಿರ ಇದ್ದ ಹಳೆಯ ಫೋಟೋ ನೋಡಿ ಬಿಡಿಸಿದೆ. ನಿಮ್ಮ ಸಾಲನ್ನು ಹಾಗೆಯೇ ಕೆಳಗೆ ಬರೆದಿದ್ದೇನೆ. ಈಗ ಆ ಸಾಲು ಸುಳ್ಳು ಎಂದು ಓದಿದವರಿಗೆ ಕಾಣುತ್ತದೆ.

ಪುಸ್ತಕವಾದ ಮೇಲೆ ಮೂಡುಬಿದಿರೆಗೆ ಒಂದು ಪ್ರತಿ ಅಂಚೆಯಲ್ಲಿ ಕಳುಹಿಸಿ. ಅವರು ನೋಡಲಿ. ನಾನು ಈಗ ಅವರ ಹತ್ತಿರ ಮಾತಾಡುತ್ತಿಲ್ಲ.

ಆಫ್ರಾ


ಪೊಯ್ಯೆಕಡವು
೧೪ ಜನವರಿ ೨೦೨೪

ಆಫ್ರಾ,

ಚಿತ್ರ ತಲುಪಿತು. ನೀನು ಧೈರ್ಯದ ಹುಡುಗಿ. ಇದಕ್ಕಿಂತ ಹೆಚ್ಚು ನಾನು ಏನು ಬರೆಯಲಿ.

ಪುಟಗಳನ್ನು ಬೆಳ್ತಂಗಡಿಯ ಪ್ರೆಸ್ಸಿಗೆ ಕೊಟ್ಟಿದ್ದೇನೆ. ಅಜ್ಜನ ಹತ್ತಿರ ಮಾತು ಬಿಡಬೇಡ. ಅಷ್ಟನ್ನು ಕೇಳಿಕೊಳ್ಳುತ್ತೇನೆ.

ನೀಲಾವತಿ


ಶಾರ್ಜಾ
೪ ಆಗಸ್ಟ್ ೨೦೨೪

ಟೀಚರ್,

ಪುಸ್ತಕ ಬಂತು. ಮುದ್ರಣ ಚೆನ್ನಾಗಿದೆ. ನೆರೆಯ ಐವತ್ತನೆಯ ವರ್ಷದ ಜುಲೈ ಕಾರ್ಯಕ್ರಮದ ಫೋಟೋ ರಿಝ್ವಾನ್ ತೋರಿಸಿದ. ವೇದಿಕೆಯ ಹಿಂದೆ ಏಳನೆಯ ಪುಟವನ್ನೇ ದೊಡ್ಡದು ಮಾಡಿ ಹಾಕಿದ್ದರು. ಅಜ್ಜನ ಬೆನ್ನು ಅಷ್ಟು ದೊಡ್ಡದಾಗಿ ಕಾಣುವಾಗ ನನಗೆ ಒಂಥರಾ ಆಯಿತು. ಇರಲಿ, ನಾನೇ ಬಿಡಿಸಿದ್ದು. ನೀವು ಫೋಟೋದಲ್ಲಿ ಎಲ್ಲೂ ಕಾಣಲಿಲ್ಲ. ಹುಷಾರಿರಲಿಲ್ಲವಾ?

ಮೂಡುಬಿದಿರೆಗೂ ಪ್ರತಿ ತಲುಪಿದೆ. ಉಮ್ಮ ಅದನ್ನು ಕಪಾಟಿನ ಮೇಲೆ ಇಟ್ಟಿದ್ದರಂತೆ. ಅಜ್ಜ ಅದು ಹೇಗೋ ತೆಗೆದು, ಹಗಲಿಡೀ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರಂತೆ. ಅವರು ಸಿಟ್ಟಾಗುತ್ತಾರೆ ಅಥವಾ ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಏಳನೆಯ ಪುಟದಲ್ಲಿ ದೋಣಿಯ ಖಾಲಿ ಜಾಗಕ್ಕೆ ಬೆರಳಿಟ್ಟು ಉಮ್ಮನನ್ನು ಕೇಳಿದರಂತೆ, 'ಕಪಾಟು ಎಲ್ಲಿ?'

ಉಮ್ಮ ಗೋಡೆಯ ಕಪಾಟು ತೋರಿಸಿದರು. ಅದಲ್ಲ ಎಂದರು. ಬಟ್ಟೆಯ ಕಪಾಟನ್ನು ತೆರೆದು ತೋರಿಸಿದರು. ಅದೂ ಅಲ್ಲ. ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದೇ ಪ್ರಶ್ನೆ. ಪಕ್ಕದ ಮನೆಯ ಬೀಫಾತಿಮಾ ಬಂದು, 'ಪಾಪ, ಅರುಳು ಮರುಳು' ಎಂದು ಹೋದರಂತೆ. ಡಾಕ್ಟರೂ ಅದನ್ನೇ ಹೇಳಿದರು.

ಆ ಪುಟ ನೋಡಿ ಅವರಿಗೆ ತಲೆ ಕೆಟ್ಟಿತೋ ಏನೋ. ಸತ್ಯ ಬಿಡಿಸಿದ್ದೇನೆ ಎಂದುಕೊಂಡಿದ್ದೆ. ಆದರೂ ಮನಸ್ಸಿಗೆ ಸಮಾಧಾನ ಇಲ್ಲ. ನಿನ್ನೆ ಎಂಟು ತಿಂಗಳ ಮೇಲೆ ಅವರಿಗೆ ಫೋನ್ ಮಾಡಿದೆ. ನನ್ನ ಸ್ವರ ಗುರುತಿಸಿದರು. 'ಮಗಾ, ಚಿತ್ರ ಲಾಯ್ಕ ಆಗಿದೆ. ಕಪಾಟು ಒಂದು ಹಾಕ್ಲಿಕ್ಕೆ ಬಿಟ್ಟುಹೋಗಿದೆ' ಎಂದರು. ನಾನು 'ಹಾಕ್ತೇನೆ ಅಜ್ಜ' ಎಂದೆ. ಏನು ಹೇಳಬೇಕಿತ್ತು?

ಆಫ್ರಾ


ಪೊಯ್ಯೆಕಡವು
೨೫ ಆಗಸ್ಟ್ ೨೦೨೪

ಆಫ್ರಾ,

ನಿನ್ನ ಅಜ್ಜನಿಗೆ ಅರುಳು ಮರುಳು ಅಲ್ಲ. ಕಪಾಟು ಇತ್ತು.

ಈ ಎರಡು ವಾಕ್ಯ ಬರೆಯಲು ನನಗೆ ಐವತ್ತು ವರ್ಷ, ಒಂದು ತಿಂಗಳು ಬೇಕಾಯಿತು. ಉಳಿದದ್ದನ್ನೂ ಬರೆಯುತ್ತೇನೆ. ನಡುವೆ ನಿಲ್ಲಿಸದೆ ಓದು.

ಆ ಮಿಲ್ಲು ನಮ್ಮದು. ಮಿಲ್ಲಿನ ಯಜಮಾನ ನನ್ನ ಅಪ್ಪ. ಇಬ್ಬರು ಹೆಣ್ಣುಮಕ್ಕಳಲ್ಲಿ ಸಣ್ಣವಳು ನಾನು, ಒಂಬತ್ತು ವರ್ಷ. ಅಕ್ಕನಿಗೆ ಮದುವೆ ಗೊತ್ತಾಗಿತ್ತು. ಅವಳಿಗೆಂದು ಅಪ್ಪ ಮಂಗಳೂರಿನಿಂದ ಕನ್ನಡಿ ಬಾಗಿಲಿನ ಕಪಾಟು ತರಿಸಿದ್ದರು. ಊರಿಗೆ ಬಂದ ಮೊದಲ ಕನ್ನಡಿ ಕಪಾಟು ಅದು. ನೆರೆಯ ಬೆಳಿಗ್ಗೆ ನಾವೆಲ್ಲ ಮಿಲ್ಲಿನ ಅಟ್ಟದಲ್ಲಿದ್ದೆವು, ಸಂಕಪ್ಪಣ್ಣನ ಮನೆಯವರೂ ನಮ್ಮ ಜೊತೆಗೇ. ಕುಸುಮ ಮತ್ತು ನಾನು ಒಂದೇ ಗೋಣಿ ಹೊದ್ದುಕೊಂಡಿದ್ದೆವು.

ಹಕೀಂ ಬ್ಯಾರಿ ಯಾರೂ ಕರೆಯದೆ ದೋಣಿ ತಂದರು. ಆ ಸೆಳೆತದಲ್ಲಿ ಏಳೆಂಟು ಜನಕ್ಕಿಂತ ಹೆಚ್ಚು ಆಗುವುದಿಲ್ಲ, ಎಲ್ಲರೂ ಹತ್ತಿ ಎಂದರು. ನಾವು ಸರಿಯಾಗಿ ಏಳು ಮಂದಿ. ಅಪ್ಪ, 'ಕಪಾಟು ಮೊದಲು ಹೋಗ್ಲಿ, ನೀರು ತಾಗಿದ್ರೆ ಮತ್ತೆ ಪ್ರಯೋಜನ ಇಲ್ಲ' ಎಂದರು. ಹಕೀಂ ಬ್ಯಾರಿ ಕೈ ಮುಗಿದು ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು: 'ಬೇಡ ಯಜಮಾನ್ರೇ, ಮಗುವಾದ್ರೂ ಬರ್ಲಿ.' ಅಪ್ಪ ಹೇಳಿದರು, 'ಐದು ನಿಮಿಷದ ದಾರಿ. ಇಳಿಸಿ ತಿರುಗಿ ಬಾ. ನಾನು ಹೇಳಿದಷ್ಟು ಮಾಡು.' ಅವರು ನಮ್ಮ ಮಿಲ್ಲಿನ ಅಕ್ಕಿ ಸಾಗಿಸಿ ಬದುಕುವವರು. ನೀರಿನ ಮೇಲೆ ದೋಣಿಗಾರನೇ ಯಜಮಾನ ಎಂಬ ಮಾತನ್ನು ಅವರು ಬದುಕಿನಲ್ಲಿ ಒಂದೇ ಸಲ ಬಿಟ್ಟುಕೊಟ್ಟರು. ಅದಕ್ಕೇ ಅವರು ಐವತ್ತು ವರ್ಷ ಬಾಯಿ ಬಿಡಲಿಲ್ಲ ಎಂದು ನಿನ್ನ ಕಾಗದ ಓದಿದ ಮೇಲೆ ನನಗೆ ಹೊಳೆಯಿತು. ತಪ್ಪು ತನ್ನದೇ ಎಂದು ಅವರು ಲೆಕ್ಕ ಹಾಕಿದ್ದರು.

ಕಪಾಟನ್ನು ಅಟ್ಟದಿಂದ ಇಳಿಸಿ ದೋಣಿಗೆ ಇಟ್ಟದ್ದು ಸಂಕಪ್ಪಣ್ಣನೇ. ಗೀರು ಬೀಳಬಾರದು ಎಂದು ತನ್ನ ಹೆಗಲ ಬೈರಾಸು ಹಾಸಿದ. ಮಗ್ಗುಲಿಗೆ ಮಲಗಿಸಿದರು, ಕನ್ನಡಿ ನನ್ನ ಕಡೆಗೆ. ದೋಣಿ ಅಡ್ಡ ತಿರುಗಿದಾಗ ನನ್ನ ಹಿಂದೆ ಇದ್ದ ಅಟ್ಟ ಆ ಕನ್ನಡಿಯಲ್ಲಿ ಕಂಡಿತು. ಮೂವರೂ ನಿಂತಿದ್ದರು. ಕುಸುಮ ಗೋಣಿ ಹೊದ್ದಿದ್ದಳು. ನಾನು ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಕಾಣುತ್ತದಲ್ಲ ಎಂದು.

ಹಕೀಂ ಬ್ಯಾರಿ ನಮ್ಮನ್ನು ಇಳಿಸಿ ಕಪಾಟು ಇಳಿಸುವುದಕ್ಕೂ ನಿಲ್ಲದೆ ದೋಣಿ ತಿರುಗಿಸಿದರು. ಅಪ್ಪ ಕೂಗಿ ನಿಲ್ಲಿಸಿದರು. ನಾಲ್ಕು ಜನ ಸೇರಿ ಕಪಾಟು ಇಳಿಸಿದರು. ಅಷ್ಟು ಹೊತ್ತು. ಅವರು ಹೋಗಿ ಮುಟ್ಟುವಾಗ ಮಿಲ್ಲಿನ ಗೋಡೆ ಕುಸಿದು ಕೂತಿತ್ತು. ಅವರು ನೀರಿಗೆ ಹಾರಿದ್ದನ್ನು ನಾನು ದಡದಿಂದ ನೋಡಿದ್ದೇನೆ, ಒಂದಲ್ಲ, ಮೂರು ಸಲ.

ಸಂಜೆ ತಹಶೀಲ್ದಾರರು ಬಂದಾಗ ಅಪ್ಪ ಹೇಳಿದರು, 'ದೋಣಿಯಲ್ಲಿ ಜಾಗ ಇರಲಿಲ್ಲ.' ಕಲ್ಲಿನ ಸಾಲು ಅವರದೇ. ಊರು ಬ್ಯಾರಿಯ ಹೆಸರು ಹೇಳತೊಡಗಿದಾಗ ಅಪ್ಪ ಅಲ್ಲ ಎನ್ನಲಿಲ್ಲ. ಅಪ್ಪ ತೀರಿ ಮೂವತ್ತು ವರ್ಷವಾಯಿತು, ನಾನೂ ಎನ್ನಲಿಲ್ಲ. ಅಕ್ಕ ಆ ಕಪಾಟನ್ನು ಗಂಡನ ಮನೆಗೆ ಒಯ್ಯಲು ಒಪ್ಪಲಿಲ್ಲ. ಅದು ನನ್ನ ಕೋಣೆಯಲ್ಲಿದೆ. ಅದರ ಮುಂದೆ ನಿಂತು ನಾನು ದಿನಾ ತಲೆ ಬಾಚುತ್ತೇನೆ.

ನೀನು ಎಂಟನೆಯ ತರಗತಿಗೆ ಸೇರಿದ ದಿನ ನಿನ್ನನ್ನು ಬಿಡಲು ಬಂದದ್ದು ಅವರೇ. ನನ್ನನ್ನು ಗುರುತಿಸಿದರು. 'ಮಗು ಚಿತ್ರ ಲಾಯ್ಕ ಮಾಡ್ತದೆ, ನೋಡಿಕೊಳ್ಳಿ' ಎಂದಷ್ಟೇ ಹೇಳಿ ಹೋದರು. ಶಾಲೆಯಲ್ಲಿ ನಾನು ನಿನಗೆ ಕೊಟ್ಟ ಬಣ್ಣದ ಪೆಟ್ಟಿಗೆಗಳು ಬಹುಮಾನವಲ್ಲ ಆಫ್ರಾ, ಅದು ನನ್ನ ಹೆದರಿಕೆ. ಈ ಪುಸ್ತಕ ಹೊರಟದ್ದೂ ಹಾಗೆಯೇ. ಯಾರಾದರೂ ಕೇಳಿಯಾರು, ಆಗ ಹೇಳಬಹುದು ಎಂದುಕೊಂಡಿದ್ದೆ. ನೀನು ಕೇಳಿದೆ. ನಾನು ಗೊರಬೆ ಹಾಕು ಎಂದೆ. ನನ್ನ ಸುಳ್ಳನ್ನು ನೀನು ದಯೆ ಎಂದುಕೊಂಡೆ, ಆ ದಯೆಯನ್ನು ನಾನು ತೆಗೆದುಕೊಂಡೆ.

ಅಜ್ಜನಿಗೆ ಹೇಳು, ಕಪಾಟು ಎಲ್ಲಿ ಉಂಟು ಎಂದು ನೀಲಾವತಿಗೆ ಗೊತ್ತುಂಟು.

ನೀಲಾವತಿ


ಶಾರ್ಜಾ
೬ ಅಕ್ಟೋಬರ್ ೨೦೨೪

ನೀಲಾವತಿ ಟೀಚರ್‌ಗೆ,

ನಿಮ್ಮ ಕಾಗದ ನನ್ನ ಕೈಗೆ ಬಂದದ್ದು ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ. ಅಜ್ಜ ತೀರಿಕೊಂಡದ್ದು ಹನ್ನೊಂದಕ್ಕೆ. ನಾನು ಮಣ್ಣಿಗೆ ತಲುಪಲಿಲ್ಲ.

ಆ ದಿನ ಬೆಳಿಗ್ಗೆಯೂ ಕೇಳಿದರಂತೆ.

ರಿಝ್ವಾನ್ ನನಗೆ ಒಂದು ಮಾತು ಹೇಳಿದ. ಅವನ ತಂಗಿಯ ನಿಖಾಹ್ ಇದ್ದ ಕಾರಣ ಪ್ರಯಾಣ ಒಂದು ತಿಂಗಳು ಮುಂದೆ ಹೋಯಿತು. ಅವನು ನಿಮಗೆ ಫೋನ್ ಮಾಡಿ, 'ಕಾಗದದ ಫೋಟೋ ತೆಗೆದು ಕಳಿಸ್ಲಾ ಟೀಚರ್' ಎಂದು ಕೇಳಿದನಂತೆ. ನೀವು 'ಅವಸರ ಇಲ್ಲ' ಎಂದಿರಂತೆ.

ನನಗೆ ಅತ್ತು ಮುಗಿದಿದೆ, ಸಿಟ್ಟು ಮುಗಿದಿಲ್ಲ. ಸಿಟ್ಟು ನಿಮ್ಮ ಅಪ್ಪನ ಮೇಲೆ ಅಲ್ಲ. ಒಂಬತ್ತು ವರ್ಷದ ಹುಡುಗಿಯ ಮೇಲೂ ಅಲ್ಲ. ಬಿ.ಸಿ. ರೋಡಿನಿಂದ ಸಿದ್ದಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಬಸ್ಸಿನಲ್ಲಿ ಒಂದು ಗಂಟೆ. ನೀವು ನನಗೆ ಸಮುದ್ರದ ಆಚೆ ಬರೆದಿರಿ. ಅವರು ಒಂದು ಗಂಟೆಯ ದೂರದಲ್ಲಿ ಕೂತು ಕೇಳುತ್ತಿದ್ದರು.

ನನ್ನದೂ ಉಂಟು. ಎಂಟು ತಿಂಗಳು ನಾನು ಅವರ ಹತ್ತಿರ ಮಾತಾಡಲಿಲ್ಲ. ಅವರ ಬೆನ್ನನ್ನು ಊರಿಗೆಲ್ಲ ತೋರಿಸಿದೆ. ಅದನ್ನು ನಾನು ಎಲ್ಲಿ ಇಡಲಿ?

ಹೊಸ ಏಳನೆಯ ಪುಟ ಬಿಡಿಸುತ್ತೇನೆ. ಕಪಾಟಿನ ಅಳತೆ ಕಳುಹಿಸಿ, ಉದ್ದ, ಅಗಲ, ಕನ್ನಡಿ ಎಲ್ಲಿಂದ ಎಲ್ಲಿಗೆ. ಅಂದಾಜು ಬೇಡ. ಉಮ್ಮನಿಗೆ ನಾನು ಏನೂ ಹೇಳಿಲ್ಲ, ಶೋಧನ್‌ನ ಅಜ್ಜನಿಗೆ ಹೇಳುವುದೂ ನನ್ನ ಕೆಲಸ ಅಲ್ಲ. ಅವೆರಡೂ ನಿಮ್ಮವು.

ಆಫ್ರಾ


ಪೊಯ್ಯೆಕಡವು
೨೦ ಅಕ್ಟೋಬರ್ ೨೦೨೪

ಆಫ್ರಾ,

ಉದ್ದ ಆರೂ ಕಾಲು ಅಡಿ, ಅಗಲ ಮೂರು, ದಪ್ಪ ಒಂದೂ ಮುಕ್ಕಾಲು. ಕನ್ನಡಿ ಮೇಲಿನಿಂದ ಒಂದು ಗೇಣು ಬಿಟ್ಟು ನಾಲ್ಕು ಅಡಿ. ಟೇಪು ಹಿಡಿಯಲು ಬಾಸಿತ್ ಮತ್ತು ಶೋಧನ್ ಇಬ್ಬರನ್ನೂ ಮನೆಗೆ ಕರೆದಿದ್ದೆ. ಯಾಕೆ ಅಳೆಯುತ್ತೇವೆ ಎಂದು ಅವರಿಗೆ ಹೇಳಿದೆ. ಶೋಧನ್ ಕೇಳಿದ, 'ಇದ್ರ ಜಾಗದಲ್ಲಿ ಮೂರು ಜನ ಕೂರಬಹುದಾ ಟೀಚರ್?' ಬಾಸಿತ್ ಟೇಪು ನೋಡಿ, 'ಕೂರಬಹುದು' ಎಂದ. ಇಬ್ಬರೂ ಒಟ್ಟಿಗೆ ಹೋದರು. ಒಂದೇ ಬೆಂಚಿನಲ್ಲಿ ಕೂರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹತ್ತನೆಯ ತರಗತಿ, ಅವರಿಷ್ಟ.

ಶುಕ್ರವಾರ ಮಡಂತ್ಯಾರಿಗೆ ಹೋದೆ. ಶೋಧನ್‌ನ ಅಜ್ಜ ಎಲ್ಲ ಕೇಳಿದರು. 'ಹಾಗಾದ್ರೆ ನಾನು ಐವತ್ತು ವರ್ಷ ಯಾರಿಗೆ ಬೈದದ್ದು?' ಎಂದರು. ಕುಡಿಯಲು ನೀರು ಕೊಟ್ಟರು. ಹೊರಡುವಾಗ ಬಾಗಿಲಿಗೆ ಬರಲಿಲ್ಲ.

ನಿನ್ನೆ ಮೂಡುಬಿದಿರೆಗೆ ಹೋದೆ. ಬಸ್ಸು ಒಂದು ಗಂಟೆ ಐದು ನಿಮಿಷ ತೆಗೆದುಕೊಂಡಿತು.

ನಿನ್ನ ಉಮ್ಮ ನುಸ್ರತ್ ನನ್ನನ್ನು ನೋಡಿ, ಟೀಚರ್ ಬಂದರು ಎಂದು ಕುರ್ಚಿ ಒರೆಸಿದರು. ಚಹಾ ಕೊಟ್ಟರು. ಅಜ್ಜ ಕೂರುತ್ತಿದ್ದ ಜಾಗ ತೋರಿಸಿದರು. ನಾನು ಬಸ್ಸಿನಲ್ಲಿ ಇಡೀ ದಾರಿ ಜೋಡಿಸಿಕೊಂಡು ಹೋದ ಮಾತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮೂವತ್ತೈದು ವರ್ಷ ಪಾಠ ಮಾಡಿದವಳು ನಾನು. ಚಹಾ ಲಾಯ್ಕ ಆಗಿದೆ ಎಂದೆ.

ಅವರೇ ಒಳಗೆ ಹೋಗಿ ಪುಸ್ತಕ ತಂದರು. 'ಮಕ್ಕಳು ಗೀಚಿದ್ದು ಅಂತ ಮಾಡಿದ್ದೆ ಟೀಚರ್. ಮತ್ತೆ ನೋಡಿದ್ರೆ ಅಜ್ಜನ ದಿಂಬಿನ ಕೆಳಗೆ ಪೆನ್ಸಿಲ್ ಸಿಕ್ಕಿತು. ಅವ್ರು ಬದುಕಿನಲ್ಲಿ ಚಿತ್ರ ಮಾಡಿದವ್ರಲ್ಲ' ಎಂದು ಏಳನೆಯ ಪುಟ ತೆರೆದರು.

ಕೆಳಗಿನ ಖಾಲಿ ಚೌಕದಲ್ಲಿ, ನಡುಗುವ ಗೆರೆಯಲ್ಲಿ ಒಂದು ದೋಣಿ ಉಂಟು ಆಫ್ರಾ. ದೋಣಿಯಲ್ಲಿ ಒಂದು ಉದ್ದದ ಪೆಟ್ಟಿಗೆ. ಪೆಟ್ಟಿಗೆಯ ಒಳಗೆ ಇನ್ನೊಂದು ಚೌಕ, ಆ ಚೌಕದ ಒಳಗೆ ಮೂರು ಗೆರೆ ನಿಂತಿವೆ. ಎರಡು ಉದ್ದ, ಒಂದು ಗಿಡ್ಡ. ಹಿಂದೆ ಕೋಲು ಹಿಡಿದು ನಿಂತಿದ್ದ ಅವರಿಗೂ ಕನ್ನಡಿ ಕಾಣುತ್ತಿತ್ತು ಎಂದು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ನುಸ್ರತ್ ಕೇಳಿದರು, 'ಇದು ಏನು ಅಂತ ನಿಮಗೇನಾದ್ರೂ ಗೊತ್ತುಂಟಾ ಟೀಚರ್?'

ಗೊತ್ತುಂಟು ಎಂದೆ.

ನೀಲಾವತಿ